ಅಪ್ಪನ ಸಹಿ

ಮಸ್ಕತ್
4-9-1994

ಅಣ್ಣ ದ್ಯಾವಪ್ಪನಿಗೆ ತಂಗಿ ಅಮೃತಮ್ಮಳ ಶರಣು.

ಸುದ್ದಿ ಮೊದಲು, ಕ್ಷೇಮ ಸಮಾಚಾರ ಆಮೇಲೆ. ನಮ್ಮ ಆಸ್ಪತ್ರೆಯವರು ಪ್ರತಿ ವರ್ಷ ಸಿಬ್ಬಂದಿಯ ಮನೆಯ ಮಕ್ಕಳಲ್ಲಿ ನಾಲ್ವರನ್ನು ನಾಲ್ಕು ತಿಂಗಳು ಇಟ್ಟುಕೊಂಡು ಕೆಲಸ ತೋರಿಸುತ್ತಾರೆ. ಸೇರುವ ದಿನಕ್ಕೆ ಹದಿನಾರು ತುಂಬಿರಬೇಕು, ಹದಿನೆಂಟು ತುಂಬಿರಬಾರದು. ರಕ್ತ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ನಿಲ್ಲಿಸುತ್ತಾರೆ. ಗಾಜಿನ ನಳಿಗೆ ತೊಳೆಯುವುದು, ಚೀಟಿ ಅಂಟಿಸುವುದು, ವಹಿಯಲ್ಲಿ ಬರೆಯುವುದು, ಬಲ್ಲವರು ಮಾಡುವುದನ್ನು ಪಕ್ಕದಲ್ಲಿ ನಿಂತು ನೋಡುವುದು. ಮುಗಿದ ಮೇಲೆ ಅನುಭವದ ಸರ್ಟಿಫಿಕೇಟ್ ಕೊಡುತ್ತಾರೆ. ಆ ಕಾಗದ ಕೈಯಲ್ಲಿದ್ದರೆ ಲ್ಯಾಬ್ ಟೆಕ್ನೀಷಿಯನ್ ಕೋರ್ಸಿಗೆ ಕರೆದು ಸೀಟು ಕೊಡುತ್ತಾರೆ. ಬರುವ ಮಾರ್ಚ್ ಒಂದಕ್ಕೆ ಶುರುವಾಗುವ ತಂಡದಲ್ಲಿ ಒಂದು ಜಾಗ ನಿನ್ನ ಮಗಳು ಮೋನಮ್ಮನದು. ಹೇಗೆ ಸಿಕ್ಕಿತು ಎಂದು ಕೇಳಬೇಡ. ಸಿಕ್ಕಿತು, ಅಷ್ಟೆ.

ಪಿಯುಸಿ ಪಾಸಾಗಿ ಮನೆಯಲ್ಲಿ ಕೂತಿದ್ದಾಳೆ ಎಂದು ನೀನೇ ಬರೆದಿದ್ದೆ. ಕೂತು ಏನು ಮಾಡುತ್ತಾಳೆ ಹೇಳು? ಶೇಖಮ್ಮ ವೈನಿಯ ಪಕ್ಕದಲ್ಲಿ ರೊಟ್ಟಿ ಬಡಿಯುತ್ತಾಳೆ, ಇಲ್ಲಾ ಮಂದಿಯ ಮೆಣಸಿನಕಾಯಿ ಹರಿಯಲು ಹೋಗುತ್ತಾಳೆ. ಶಾಲೆಯ ದಾಖಲೆ ಪ್ರಕಾರ ಬರುವ ಜೂನ್ ಒಂದಕ್ಕೆ ಅವಳಿಗೆ ಹದಿನೆಂಟು. ಸಗರದ ಅರ್ಧ ಮಕ್ಕಳು ಜೂನ್ ಒಂದಕ್ಕೇ ಹುಟ್ಟಿದವರು, ಅದು ಬೇರೆ ಮಾತು. ಆದರೆ ಇಲ್ಲಿಯವರಿಗೆ ಕಾಗದವೇ ದೇವರು. ಈ ಸಲ ತಪ್ಪಿದರೆ ಮತ್ತೊಂದು ಸಲ ಇಲ್ಲ.

ಪಾಸ್‌ಪೋರ್ಟ್ ಹೋದ ವರ್ಷವೇ ಕೈಗೆ ಬಂದಿದೆ ಅಂದಿದ್ದೆ. ಇನ್ನು ಬೇಕಾದದ್ದು ಒಂದೇ, ಒಪ್ಪಿಗೆ ಪತ್ರ. ಎರಡು ಪ್ರತಿ ಇದರಲ್ಲೇ ಮಡಚಿ ಇಟ್ಟಿದ್ದೇನೆ. ಒಂದು ಕೆಟ್ಟರೆ ಇನ್ನೊಂದು ಇರಲಿ. ಅದಕ್ಕೆ ತಂದೆಯ ಸಹಿ, ತಾಯಿಯ ಹೆಬ್ಬೆಟ್ಟು, ಕೆಳಗೆ ಗೆಜೆಟೆಡ್ ಅಧಿಕಾರಿಯ ಸಹಿ ಮತ್ತು ಮುದ್ರೆ. ನಿನಗೆ ಅಧಿಕಾರಿಯನ್ನು ಹುಡುಕುವ ಕಷ್ಟವೂ ಇಲ್ಲ. ನಿಮ್ಮ ಕಾಲುವೆ ಇಂಜಿನಿಯರ್ ಸಾಹೇಬರು ಇದ್ದಾರಲ್ಲ, ನಿನ್ನ ಸಹಿ ದಿನಾ ನೋಡುವವರು. ನವೆಂಬರ್ ಮುಗಿಯುವುದರೊಳಗೆ ನನಗೆ ತಲುಪಬೇಕು.

ಹನ್ನೆರಡು ತಾಸು ಡ್ಯೂಟಿ ಮುಗಿಸಿ ಬಂದು ಬರೆಯುತ್ತಿದ್ದೇನೆ, ಕಾಲು ಮರಗಟ್ಟಿವೆ. ಅಕ್ಷರ ಸೊಟ್ಟ ಬಿದ್ದಿವೆ, ನಗಬೇಡ. ನಿನ್ನ ಮುತ್ತಿನಂಥ ಅಕ್ಷರ ನನಗೆ ಎಂದೂ ಬರಲಿಲ್ಲ.

ಅಮೃತಮ್ಮ


ಸಗರ, ತಾಲ್ಲೂಕು ಶಹಾಪುರ
22-9-1994

ತಂಗಿ ಅಮೃತಮ್ಮಳಿಗೆ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ನಾವು ಮೂವರೂ ಚೆನ್ನಾಗಿದ್ದೇವೆ. ನೀನು ಮೋನಮ್ಮನ ಸಲುವಾಗಿ ಇಷ್ಟು ಓಡಾಡಿದ್ದು ಕೇಳಿ ಸಂತೋಷವಾಯಿತು.

ಆದರೆ ಈಗ ಸಮಯ ಸರಿಯಿಲ್ಲ. ಕಾಲುವೆಗೆ ನೀರು ಬಿಟ್ಟಿದ್ದಾರೆ. ಬೆಳಿಗ್ಗೆ ಆರಕ್ಕೆ, ಸಂಜೆ ಆರಕ್ಕೆ ತಪ್ಪದೆ ಗೇಜ್ ನೋಡಿ ನೀರಿನ ಮಟ್ಟ ವಹಿಯಲ್ಲಿ ಬರೆದು ಸಹಿ ಮಾಡಬೇಕು. ಇಂದು ಬೆಳಿಗ್ಗೆ ಒಂದು ಮೀಟರ್ ನಲವತ್ತೆರಡು ಸೆಂಟಿಮೀಟರ್ ಇತ್ತು. ಬರುವ ಮಾರ್ಚಿಗೆ ಈ ಕೆಲಸಕ್ಕೆ ಹತ್ತು ವರ್ಷ ತುಂಬುತ್ತದೆ. ಕಾಯಂ ಮಾಡುವ ಯಾದಿಯಲ್ಲಿ ಹೆಸರಿದೆ. ಇಂಥ ಹೊತ್ತಿನಲ್ಲಿ ಕಾಗದ ಹಿಡಿದು ಸಾಹೇಬರ ಮುಂದೆ ನಿಲ್ಲುವುದು ಚೆನ್ನಾಗಿ ಕಾಣುವುದಿಲ್ಲ.

ಮೋನಮ್ಮನಿಗೂ ಅಷ್ಟು ಮನಸ್ಸಿಲ್ಲ. ಪರದೇಶದ ಕೆಲಸ ಕಲಿತು ಏನು ಮಾಡಲಿ ಅನ್ನುತ್ತಾಳೆ. ನೀನು ಬೇಸರ ಮಾಡಿಕೊಳ್ಳಬೇಡ. ಊಟ ಸರಿಯಾಗಿ ಮಾಡು.

ನಿನ್ನ ಅಣ್ಣ
ದ್ಯಾವಪ್ಪ


ಮಸ್ಕತ್
12-10-1994

ಅಣ್ಣಾ,

ನಿನ್ನ ಪತ್ರವನ್ನು ಮೂರು ಸಲ ಓದಿದೆ. ಅಕ್ಷರ ನಿನ್ನದೇ, ಸಹಿಯ ಕೊನೆಯ ಬಾಲವೂ ನಿನ್ನದೇ. ಮಾತು ಮಾತ್ರ ಯಾರದೋ ಅನಿಸಿತು. ನನ್ನನ್ನು ಸುರಪುರದ ಪಕ್ಕದ ರಂಗಂಪೇಟೆಯ ಹಾಸ್ಟೆಲಿಗೆ ಸೇರಿಸಲು ಬಸ್ಸಿಗೆ ಗತಿಯಿಲ್ಲದೆ ಅಲ್ಲಿಯವರೆಗೆ ನಡೆಸಿಕೊಂಡು ಹೋದವನು ನೀನು. ವಾರ್ಡನ್ ಬಾಯಿಯವರು, "ಹೆಣ್ಣು ಹುಡುಗಿ, ಯಾಕ ಓದಸ್ತಿ?" ಅಂದಾಗ, "ಓದಸಾಕ ಅಂತ ಬಂದೀನ್ರೀ, ಕೇಳಾಕ ಅಲ್ಲ" ಅಂದಿದ್ದೆ. ಆ ದ್ಯಾವಪ್ಪ ಎಲ್ಲಿಗೆ ಹೋದ?

ಅಪ್ಪನದನ್ನು ನೀನು ಮರೆತಿಲ್ಲ ಅಂದುಕೊಂಡಿದ್ದೇನೆ. ಕಾಲುವೆಗೆ ಭೂಮಿ ಹೋಗುವಾಗ ನೀನು ರಾಯಚೂರಿನಲ್ಲಿದ್ದೆ. ಮಧ್ಯದವನೊಬ್ಬ ಒಂದೆಕರೆ ಅಂತ ಹೇಳಿ ಎರಡೆಕರೆಯ ಕಾಗದಕ್ಕೆ ಅಪ್ಪನ ಹೆಬ್ಬೆಟ್ಟು ಒತ್ತಿಸಿಕೊಂಡ. ನೀನು ಬಂದು, ಇನ್ನು ನಮ್ಮ ಮನೆಯಲ್ಲಿ ಯಾರೂ ಓದದೆ ಹೆಬ್ಬೆಟ್ಟು ಒತ್ತಬಾರದು ಎಂದು ಅಂಗಳದಲ್ಲಿ ನಿಂತು ಕೂಗಾಡಿದೆ. ಸಾಕ್ಷರತೆ ಕ್ಲಾಸಿನಲ್ಲಿ ಅರ್ಧ ಕೇರಿಗೆ ಸಹಿ ಕಲಿಸಿದೆ. ಶೇಖಮ್ಮ ವೈನಿಯ ಕೈ ಹಿಡಿದು ಮೂರು ತಿಂಗಳು ತಿದ್ದಿಸಿದೆ, ಅವಳು ಕಲಿಯಲಿಲ್ಲ, ಅದು ಅವಳ ಹಟ. ಅಂಥ ನಿನಗೆ ಮಗಳ ಒಂದು ಕಾಗದಕ್ಕೆ ಸಹಿ ಹಾಕಲು ಹೊತ್ತು ಸಿಗಲಿಲ್ಲವೇ?

ಮೋನಮ್ಮನಿಗೆ ಮನಸ್ಸಿಲ್ಲ ಅಂದೆ. ಅವಳ ಮನಸ್ಸನ್ನು ಅವಳೇ ಬರೆಯಲಿ. ಪಿಯುಸಿ ಓದಿದವಳು, ಎರಡು ಸಾಲು ಬರೆಯಲು ಬರುವುದಿಲ್ಲವೇ?

ಹೋದ ವಾರ ನಿಮ್ಮ ಸೆಕ್ಷನ್ ಆಫೀಸಿಗೆ ಫೋನ್ ಹಚ್ಚಿದೆ. ಯಾರೋ ಎತ್ತಿ, "ದ್ಯಾವಪ್ಪ ಗೇಜಿಗೆ ಹೋಗ್ಯಾನ" ಅಂದು ಇಟ್ಟುಬಿಟ್ಟ. ನಾನು ಊರಿಗೆ ಬಂದು ಹೋಗಿ ಮೂರು ವರ್ಷದ ಮೇಲಾಯಿತು ಅಣ್ಣ. ನಿಮ್ಮ ಮುಖಗಳು ಫೋಟೋದಲ್ಲಿ ಇದ್ದ ಹಾಗೇ ನಿಂತುಬಿಟ್ಟಿವೆ.

ಅಮೃತಮ್ಮ


ಸಗರ
3-11-1994

ತಂಗಿ ಅಮೃತಮ್ಮಳಿಗೆ,

ಪತ್ರ ತಲುಪಿತು. ಮೋನಮ್ಮನಿಗೆ ಜ್ವರ ಇದ್ದುದರಿಂದ ಅವಳು ಬರೆಯಲಿಲ್ಲ. ಕಾಲುವೆ ಬಂದಾಗಿನಿಂದ ಸೊಳ್ಳೆ ಹೆಚ್ಚು, ನಿನಗೆ ಗೊತ್ತೇ ಇದೆ.

ಒಪ್ಪಿಗೆ ಪತ್ರ ಮಾಡಿಸುವುದು ಆಗಲಿಲ್ಲ. ಸಾಹೇಬರು ಯಾದಗಿರಿಗೆ ಮೀಟಿಂಗಿಗೆ ಹೋಗಿದ್ದಾರೆ, ಯಾವಾಗ ಬರುತ್ತಾರೋ ತಿಳಿಯದು. ಕೆಳಗಿನ ಹಳ್ಳಿಯವರು ನೀರು ಸಾಲದು ಎಂದು ಜಗಳ ತೆಗೆದಿದ್ದಾರೆ. ದಿನಾ ವಹಿ ತೋರಿಸಿ ಸಮಾಧಾನ ಹೇಳಬೇಕಾಗಿದೆ. ನಿನ್ನೆ ಸಂಜೆ ಒಂದು ಮೀಟರ್ ಹದಿನೆಂಟು. ಬರೆದದ್ದು ಸರಿಯಿದ್ದರೆ ಜಗಳ ತಾನಾಗಿ ನಿಲ್ಲುತ್ತದೆ.

ಆ ಜಾಗವನ್ನು ಬೇರೆ ಯಾರ ಮಗಳಿಗಾದರೂ ಕೊಡು. ಅವರಿಗೆ ಒಳ್ಳೆಯದಾಗಲಿ. ಮೋನಮ್ಮನಿಗೆ ಅದರ ಋಣವಿಲ್ಲ ಎಂದು ತಿಳಿಯೋಣ. ನಿನ್ನ ಮೇಲೆ ಇಲ್ಲಿ ಯಾರಿಗೂ ಸಿಟ್ಟಿಲ್ಲ. ನೀನೂ ಸಿಟ್ಟಾಗಬೇಡ.

ದ್ಯಾವಪ್ಪ


ಮಸ್ಕತ್
20-11-1994
(ರಿಜಿಸ್ಟರ್ಡ್)

ಅಣ್ಣಾ,

ಸಾಕು. ಇನ್ನು ಮರ್ಯಾದೆಯ ಪತ್ರ ಬರೆಯಲು ನನ್ನಿಂದ ಆಗುವುದಿಲ್ಲ. ಇದನ್ನು ರಿಜಿಸ್ಟರ್ ಮಾಡಿದ್ದೇನೆ, ಕೈಗೇ ಬರಲಿಲ್ಲ ಅನ್ನಬಾರದು ಅಂತ.

ಬೇರೆಯವರ ಮಗಳಿಗೆ ಕೊಡು ಅಂತೀಯಲ್ಲ, ಅದೇನು ನಿನ್ನ ಹೊಲದ ಶೇಂಗಾ ಏನು ಪಡಿ ಅಳೆದು ಕೊಡಾಕ? ಹೇಗೆ ಸಿಕ್ಕಿತು ಕೇಳಬೇಡ ಅಂದಿದ್ದೆ, ಈಗ ಕೇಳು. ಈ ವರ್ಷ ನನಗೆ ಊರಿಗೆ ಬರುವ ಎರಡು ತಿಂಗಳ ರಜೆ ಇತ್ತು. ಅದನ್ನು ನಮ್ಮ ಮೇಲಿನ ಮೇಟ್ರನ್ ಬಾಯಿಯವರಿಗೆ ಬಿಟ್ಟುಕೊಟ್ಟೆ. ಅವರ ಪಾಳಿಯನ್ನೂ ನಾನೇ ಮಾಡುತ್ತೇನೆ ಅಂದೆ. ಅದಕ್ಕೆ ಅವರು ಮೋನಮ್ಮನ ಹೆಸರು ಬರೆಸಿದರು. ಹುಣಿಸೆ ಗಿಡದ ಕೆಳಗೆ ಹೊರಸಿನ ಮೇಲೆ ಒಂದು ಮಧ್ಯಾಹ್ನ ಮಲಗಬೇಕು ಅಂತ ಮೂರು ವರ್ಷದಿಂದ ಆಸೆ ಪಟ್ಟವಳು ನಾನು. ಅದನ್ನೇ ಕೊಟ್ಟೆ.

ನನಗೆ ನಿನ್ನ ಹಕೀಕತ್ ತಿಳಿಯುತ್ತದೆ. ಮಗಳು ಹೋದರೆ ಮನೆಯ ಕೆಲಸಕ್ಕೆ ಆಳಿಲ್ಲ. ಯಾವುದೋ ಗಂಡು ನೋಡಿಟ್ಟಿದ್ದೀ, ಬೇಸಿಗೆಯಲ್ಲಿ ಅಕ್ಕಿಕಾಳು ಹಾಕಿ ಕೈತೊಳೆದುಕೊಳ್ಳುತ್ತೀ. ಅಪ್ಪನಿಗೆ ಓದಲು ಬರಲಿಲ್ಲ, ಅದಕ್ಕೆ ಎರಡೆಕರೆ ಕಳೆದ. ನೀನು ಓದು ಬಲ್ಲವನು, ಮಗಳನ್ನೇ ಕಳೆಯುತ್ತಿದ್ದೀ. ನಿನಗ ಕಣ್ಣು ಕಾಣೂದಿಲ್ಲೇನು? ಎದುರಿಗೇ ಕುಂತ ಹುಡುಗಿ ಕಾಣೂದಿಲ್ಲೇನು?

ಡಿಸೆಂಬರ್ ಇಪ್ಪತ್ತರವರೆಗೆ ಹೇಗೋ ತಡೆಯುತ್ತೇನೆ. ಆಮೇಲೆ ನೀನು ನನಗೆ ಬರೆಯಬೇಡ, ನಾನೂ ಬರೆಯುವುದಿಲ್ಲ.

ಅಮೃತಮ್ಮ


ಸಗರ
8-12-1994

ತಂಗಿ ಅಮೃತಮ್ಮಾ,

ಈ ಅಕ್ಷರ ನೋಡಿ ಗಾಬರಿಯಾಗಬೇಡ. ಬರೆಯುತ್ತಿರುವವನು ನಮ್ಮೂರ ಟಪಾಲಿನ ಬಾಷುಮಿಯಾ. ಹೇಳುತ್ತಿರುವವನು ನಿನ್ನ ಅಣ್ಣ. ನನಗೆ ಓದಲು ಬರೆಯಲು ಕಣ್ಣು ಕಾಣುವುದಿಲ್ಲ. ಮೂರು ವರ್ಷವಾಯಿತು.

ಇಷ್ಟು ದಿನ ನಾನು ಹೇಳುತ್ತಿದ್ದೆ, ಮೋನಮ್ಮ ಬರೆಯುತ್ತಿದ್ದಳು. ನೀನು ಬರೆದದ್ದನ್ನು ಅವಳೇ ಓದಿ ಹೇಳುತ್ತಿದ್ದಳು. ಸೆಪ್ಟೆಂಬರಿನಲ್ಲಿ ಅವಳು ಓದಿದ್ದು, "ಅತ್ತಿ ಒಂದು ಜಾಗ ನೋಡಾಕತ್ತಾಳಂತ, ಇನ್ನ ಖಾತ್ರಿ ಇಲ್ಲಂತ" ಎಂದು. ಒಪ್ಪಿಗೆ ಪತ್ರದ ಮಾತೇ ಬರಲಿಲ್ಲ. ಅದಕ್ಕೆ ನಾನು, "ಬಾಳ ಚಲೋ ಆತು, ಎಂದ ಬೇಕಂದ್ರ ಅಂದ ಕಳಿಸ್ತೀನಿ ಅಂತ ಬರಿ" ಅಂದೆ. ಅವಳು ಏನು ಬರೆದಳೆಂದು ನಿನಗೇ ಗೊತ್ತು. ಅಕ್ಟೋಬರಿನ ಪತ್ರ ಬಂದಾಗ, "ಜಾಗ ತುಂಬ್ಯಾವಂತ, ಮುಂದಿನ ವರ್ಷ ನೋಡೂನು ಅಂದಾಳ" ಅಂದಳು. ನನಗೆ ನಿನ್ನ ಮೇಲೆ ಸಿಟ್ಟು ಬಂತು. ದೊಡ್ಡ ಊರು ಸೇರಿದ ಮೇಲೆ ನಮ್ಮನ್ನು ಮರೆತಳು ಅಂದುಕೊಂಡೆ. ಎರಡು ದಿನ ನಿನ್ನ ಹೆಸರು ಎತ್ತಲಿಲ್ಲ.

ಮೊನ್ನೆ ಬಾಷುಮಿಯಾ ರಿಜಿಸ್ಟರ್ ತಂದಾಗ ಅವಳು ಗೇಜಿಗೆ ಹೋಗಿದ್ದಳು. "ಮೋನವ್ವ ಬರ್ಲಿ ತಡಿ" ಅಂದೆ. ಅವನು, "ಹೆಸರು ನಿಂದು ಅದ, ದಸ್ಕತ್ ನೀನ ಮಾಡಬೇಕು" ಅಂದ. ನನ್ನ ಬೆರಳು ಹಿಡಿದು ಕಾಗದದ ಮೇಲೆ ಇಟ್ಟ. ಸಹಿ ಮಾಡಿ, ಓದು ಅಂದೆ. ನಾಲ್ಕು ಸಾಲು ಓದಿ ನಿಂತ. "ಸಿಟ್ಟಿನ ಪತ್ರ ಅದ ದ್ಯಾವಪ್ಪಾ, ಓದ್ಲಿ ಏನು?" ಅಂದ. ಓದು ಅಂದೆ. ಪೂರಾ ಓದಿದ.

ಕೋಲು ಹಿಡಿದು ಕಾಲುವೆ ಒಡ್ಡಿನ ಮೇಲೆ ಹೋದೆ. ಅವಳು ಮೆಟ್ಟಲ ಮೇಲೆ ಕೂತು ಗೇಜಿನ ಪಾಚಿ ಉಜ್ಜುತ್ತಿದ್ದಳು. ಸಪ್ಪಳ ಕೇಳಿಸಿತು.

"ಅತ್ತಿ ಹೋದ ಸಲ ಏನ್ ಬರದಿದ್ಲವಾ?" ಅಂದೆ.

"ಜಾಗ ತುಂಬ್ಯಾವ ಅಂತ ಬರದಿದ್ಲಲ್ಲಪ್ಪಾ."

"ಇನ್ನೊಮ್ಮಿ ಹೇಳು."

ಉಜ್ಜುವುದು ನಿಂತಿತು. ಆಮೇಲೆ, "ನಾ ಹೋದ್ರ ಇದನ್ನ ಯಾರು ನೋಡೋರು? ಮಾರ್ಚಿಗಿ ನಿನ್ನ ಕೆಲಸ ಕಾಯಂ ಆಗ್ತದ. ಅಲ್ಲೀ ಮಟ ಯಾರಿಗೂ ಗೊತ್ತಾಗಬಾರ್ದು ಅಂತ ನೀನ ಹೇಳಿದ್ದಿ" ಅಂದಳು.

"ನಿನಗ ಹೋಗಬೇಕಂತ ಇತ್ತೇನು?"

"ಇತ್ತಪ್ಪಾ."

ಅಮೃತಾ, ಆ ಒಂದು ಮಾತಿಗೆ ನಾನು ಒಡ್ಡಿನ ಮೇಲೇ ಕೂತುಬಿಟ್ಟೆ. ಅವಳ ತಪ್ಪಲ್ಲ. ಕಣ್ಣು ಮಂಜಾದ ಹೊಸದರಲ್ಲಿ ನಾನೇ ಅವಳ ಕೈ ಹಿಡಿದು ನನ್ನ ಅಕ್ಷರ, ನನ್ನ ಸಹಿ ಕಲಿಸಿದೆ. ಗೇಜ್ ವಹಿಯಲ್ಲಿ ಕೈ ಬದಲಾದದ್ದು ಸಾಹೇಬರಿಗೆ ತಿಳಿಯಬಾರದು ಎಂದು. ಶಾಲೆ, ಕಾಲೇಜಿಗೆ ಹೋಗುವ ಮೊದಲೊಂದು ಸಲ, ಬಂದ ಮೇಲೊಂದು ಸಲ ಅವಳೇ ನೋಡಿ ಬರೆಯುತ್ತಿದ್ದಳು. ನಾನು ಒಡ್ಡಿನ ಮೇಲೆ ನಿಂತು ಮಂದಿಗೆ ಕಾಣಿಸುತ್ತಿದ್ದೆ, ಅಷ್ಟೇ ನನ್ನ ನೌಕರಿ. ನಿನಗೆ ಯಾಕೆ ಹೇಳಲಿಲ್ಲ ಅಂತ ಕೇಳುತ್ತೀ. ನೀನು ನರ್ಸ್. ನಿನಗೆ ಹೇಳಿದರೆ ಅದು ಖರೆ ಆಗುತ್ತಿತ್ತು.

ಇಂದು ನೀರು ಎಷ್ಟಿದೆ ಎಂದು ನಾನು ಅವಳನ್ನು ಕೇಳಿಲ್ಲ. ಸಪ್ಪಳದ ಮೇಲೆ ಹೇಳುವುದಾದರೆ ಕಡಿಮೆಯಾಗಿದೆ.

ದ್ಯಾವಪ್ಪ

(ಅಮೃತವ್ವಾ, ಅಣ್ಣ ಹೇಳಿದ್ದನ್ನು ಹೇಳಿದ ಹಾಗೇ ಬರೆದೀನಿ. ಸಹಿ ಅವನೇ ಮಾಡ್ಯಾನ, ಅದಕ್ಕ ಸಾಲು ಬಿಟ್ಟು ಮ್ಯಾಲ ಹೋಗ್ಯಾದ. — ಬಾಷುಮಿಯಾ)


ಮಸ್ಕತ್
23-12-1994

ಅಣ್ಣಾ,

ಬಾಷುಮಿಯಾ ಇದನ್ನು ಓದುವಾಗ ನಡುವೆ ನಿಲ್ಲಿಸುವುದು ಬೇಡ ಎಂದು ಹೇಳು.

ನಿನಗೆ ಕಣ್ಣು ಕಾಣುವುದಿಲ್ಲವೇ ಎಂದು ಬರೆದಿದ್ದೆ. ಆ ಸಾಲನ್ನು ನೀನು ಹೇಗೆ ಕೂತು ಕೇಳಿದೆಯೋ ನೆನೆಸಿಕೊಂಡರೆ ನಾಚಿಕೆಯಿಂದ ಸಾಯುವ ಹಾಗಾಗುತ್ತದೆ. ಎರಡು ದಿನ ಅನ್ನ ಸೇರಲಿಲ್ಲ.

ಈಗ ನರ್ಸ್ ಆಗಿ ಕೇಳುತ್ತೇನೆ. ಮೊದಮೊದಲು ದೀಪದ ಸುತ್ತ ಬಣ್ಣದ ಬಳೆ ಕಾಣುತ್ತಿತ್ತೇ? ಪಕ್ಕದಿಂದ ಬಂದ ಸೈಕಲ್ಲು ಕಾಣದೆ ಬಡಿದುಕೊಳ್ಳುತ್ತಿದ್ದೆಯಾ? ಹಣೆ ಸಿಡಿಯುತ್ತಿತ್ತೇ? ಹೌದು ಅಂದರೆ ಅದು ಪೊರೆ ಅಲ್ಲ, ಕಣ್ಣಿನ ಒತ್ತಡ. ನಾನು ದಿನಾ ಬೆಳಿಗ್ಗೆ ಎಂಟು ಮಂದಿಗೆ ಅದರ ಹನಿ ಹಾಕುತ್ತೇನೆ ಅಣ್ಣ. ಯಾರ್ಯಾರದೋ ಅಪ್ಪಂದಿರಿಗೆ, ಅಣ್ಣಂದಿರಿಗೆ. ಮೂರು ವರ್ಷದ ಹಿಂದೆ ಒಂದು ಸಾಲು ಬರೆಸಿದ್ದರೆ ಒಂದು ಹನಿ ನಿನಗೂ ಹಾಕುತ್ತಿದ್ದೆ. ಇಲ್ಲ, ಬಯ್ಯುತ್ತಿಲ್ಲ. ಬಯ್ಯುವ ಶಕ್ತಿ ಇಲ್ಲ. ಹೋದದ್ದು ಬರುವುದಿಲ್ಲ, ಬೆಳಕು ಕತ್ತಲೆ ತಿಳಿಯುವಷ್ಟಾದರೂ ಉಳಿಸಿಕೊಳ್ಳೋಣ. ನಮ್ಮ ಆಸ್ಪತ್ರೆಯಲ್ಲೇ ಇರುವ ರಂಗಂಪೇಟೆಯ ದಾವಲಬೀ ಸಿಸ್ಟರ್ ರಜೆಯ ಮೇಲೆ ಊರಿಗೆ ಬರುತ್ತಿದ್ದಾಳೆ, ಅವಳ ಕೈಯಲ್ಲಿ ಔಷಧ ಕೊಟ್ಟಿದ್ದೇನೆ. ಅವಳು ಫೆಬ್ರವರಿ ಇಪ್ಪತ್ತಕ್ಕೆ ಯಾದಗಿರಿ ಸ್ಟೇಷನ್ನಿನಿಂದ ವಾಪಸ್ಸು ಹೊರಡುತ್ತಾಳೆ, ಮೋನಮ್ಮ ಬರುವುದೇ ಆದರೆ ಜೊತೆಯಾಗುತ್ತದೆ.

ಮೇಟ್ರನ್ ಬಾಯಿಯ ಕಾಲು ಹಿಡಿಯುವುದೊಂದು ಬಾಕಿ ಇಟ್ಟು ಜನವರಿ ಇಪ್ಪತ್ತೈದರವರೆಗೆ ಗಡುವು ತಂದಿದ್ದೇನೆ. ಆದರೆ ಇನ್ನು ನಾನು ಕಳಿಸು ಅನ್ನುವುದಿಲ್ಲ. ಕಳಿಸಿದರೆ ನಿನ್ನ ಹತ್ತು ವರ್ಷ ನೀರಿಗೆ ಹೋಗುತ್ತದೆ. ಕಳಿಸದಿದ್ದರೆ ಅವಳದು. ಯಾವುದು ಅಂದರೂ ನಾನು ಒಂದು ಮಾತೂ ಆಡುವುದಿಲ್ಲ. ನೀನೇ ಹೇಳು.

ಅಮೃತಾ


ಸಗರ
11-1-1995

ತಂಗಿ ಅಮೃತಾ,

ಒಪ್ಪಿಗೆ ಪತ್ರ ಇದರ ಜೊತೆಗಿದೆ. ಬಾಷುಮಿಯಾ ಶಹಾಪುರಕ್ಕೆ ತಾನೇ ಹೋಗಿ ಸ್ಪೀಡ್ ಪೋಸ್ಟ್ ಮಾಡುತ್ತಾನೆ. ಅದರ ಮೇಲೆ ಇರುವುದನ್ನು ನೋಡಿ ನೀನು ಅಳಬಾರದು ಎಂದು ನಡೆದದ್ದನ್ನು ಮೊದಲೇ ಹೇಳುತ್ತೇನೆ.

ಸೋಮವಾರ ನಾನು, ಶೇಖಮ್ಮ, ಮೋನಮ್ಮ ಮೂವರೂ ಶಹಾಪುರದ ಆಫೀಸಿಗೆ ಹೋದೆವು. ಸಾಹೇಬರು ಮೈಸೂರು ಕಡೆಯವರು, ಒಳ್ಳೆಯ ಮನುಷ್ಯ. ಕಾಗದ ಓದಿ, "ಒಳ್ಳೆ ಕೆಲಸ ಕಣ್ರೀ ದ್ಯಾವಪ್ಪ" ಅಂದರು. ಮೋನಮ್ಮ ಜಾಗ ತೋರಿಸಿದಳು, ನಾನು ಸಹಿ ಮಾಡಿದೆ. ಹಾಳೆ ತಿರುಗಿಸುವ ಸಪ್ಪಳ ಬಂತು. ಸಾಹೇಬರು ಗೇಜ್ ವಹಿ ತರಿಸಿ ಪಕ್ಕದಲ್ಲಿ ಇಟ್ಟು ನೋಡುತ್ತಿದ್ದರಂತೆ.

"ಇದು ನಿಮ್ಮ ಸಹಿ ಅಲ್ಲವಲ್ಲ," ಅಂದರು. "ನಿಮ್ಮ ಸಹಿ ಮೂರು ವರ್ಷದಿಂದ ನಾನು ನೋಡ್ತಾ ಇದ್ದೀನಿ. ಹೀಗೆ ಕೋಳಿ ಕೆದರಿದ ಹಾಗಿಲ್ಲ. ಇದಕ್ಕೆ ನಾನು ಹೇಗೆ ಮುದ್ರೆ ಹಾಕಲಿ?"

ಮೋನಮ್ಮ ನನ್ನ ಕಿವಿಯಲ್ಲಿ, "ಅಪ್ಪಾ, ಇನ್ನೊಂದು ಪ್ರತಿ ಅದ. ಹೊರಗ ಹೋಗಿ ನಾನ ಮಾಡಿ ತರ್ತೀನಿ. ಅವರು ಒಪ್ಪೂದು ಅದನ್ನ" ಅಂದಳು.

ಖರೆ ಹೇಳುತ್ತೇನೆ ತಂಗಿ, ಒಂದು ಗಳಿಗೆ ಹೂಂ ಅನ್ನಬೇಕು ಅನಿಸಿತು. ಅವಳು ಸಹಿ ಮಾಡುತ್ತಾಳೆ, ಮುದ್ರೆ ಬೀಳುತ್ತದೆ, ಅವಳು ಹೋಗುತ್ತಾಳೆ. ನಾನು ಏನೋ ಬೇನೆ ಹೇಳಿ ಮಾರ್ಚಿನವರೆಗೆ ತಳ್ಳುತ್ತೇನೆ. ಆದರೆ ಮಗಳನ್ನು ಕಳಿಸುವ ಕಾಗದಕ್ಕೆ ಮಗಳೇ ಸಹಿ ಮಾಡಿದರೆ ನಾನು ಕಳಿಸಿದ ಹಾಗೆ ಎಲ್ಲಿ ಆಯಿತು? ಮೂರು ವರ್ಷ ಎಲ್ಲದಕ್ಕೂ ಅವಳೇ ಸಹಿ ಮಾಡಿದ್ದಾಳೆ. ಇದೊಂದಕ್ಕೆ ಬೇಡ.

"ಇದ ನಂದು ರೀ ಸಾಹೇಬ್ರ," ಅಂದೆ. "ವಹಿಯಾಗಿರೂದು ನನ್ನ ಮಗಳದು. ನನಗ ಕಣ್ಣಿಲ್ಲ."

ಶೇಖಮ್ಮ ನನ್ನ ಅಂಗಿ ಹಿಡಿದುಕೊಂಡಳು. ಸಾಹೇಬರು, "ಮೂರು ವರ್ಷದಲ್ಲಿ ಒಂದು ದಿನಾನೂ ಲೆಕ್ಕ ತಪ್ಪಿಲ್ಲ. ಈ ಹುಡುಗಿ ಬರೆದದ್ದಾ?" ಅಂದರು. ಹೌದ್ರಿ ಅಂದೆ. "ನಾನು ಇದನ್ನ ಮೇಲೆ ಬರೆದರೆ ಕೇಸ್ ಆಗುತ್ತೆ. ನೀವೇ ಕೆಲಸ ಬಿಟ್ಟೆ ಅಂತ ಬರೆದುಕೊಡಿ" ಅಂದರು. ಅಲ್ಲೇ ಬರೆಸಿದೆ. ಕಾಯಂ ಯಾದಿಯಿಂದ ಹೆಸರು ಹೋಯಿತು. ಹತ್ತು ವರ್ಷಕ್ಕೆ ಎರಡು ತಿಂಗಳು ಕಡಿಮೆ.

ಒಪ್ಪಿಗೆ ಪತ್ರಕ್ಕೆ ಏನು ಮಾಡುವುದು ಎಂದು ಕೇಳಿದೆ. "ಸಹಿ ಎರಡಾಯಿತಲ್ಲ. ಹೆಬ್ಬೆಟ್ಟು ಒತ್ತಿ, ಅದು ಯಾವತ್ತೂ ಬದಲಾಗಲ್ಲ" ಅಂದರು. ಇನ್ನೊಂದು ಪ್ರತಿ ತೆಗೆದರು. ನಾನು, "ಅದರಾಗ ಏನ್ ಬರದದ ಮೊದಲ ಓದ್ರಿ" ಅಂದೆ. ಪ್ರತಿ ಸಾಲು ಕನ್ನಡ ಮಾಡಿ ಓದಿ ಹೇಳಿದರು. ಕೇಳಿಕೊಂಡೆ. ಆಮೇಲೆ ಮುದ್ರೆಯ ಪ್ಯಾಡಿನ ಮೇಲೆ ಬೆರಳಿಟ್ಟೆ. ಮಸಿ ತಣ್ಣಗಿತ್ತು. ಅಪ್ಪನ ನೆನಪಾಯಿತು. ಅಪ್ಪ ಓದಿಸಿಕೊಳ್ಳದೆ ಒತ್ತಿದ, ನಾನು ಓದಿಸಿಕೊಂಡು ಒತ್ತಿದೆ. ಅಷ್ಟಾದರೂ ಆಯಿತು ಅಂದುಕೊಂಡೆ.

ನನ್ನದರ ಪಕ್ಕದಲ್ಲೇ ಶೇಖಮ್ಮನದೂ ಇದೆ, ಕೆಳಗೆ ಸಾಹೇಬರ ಸಹಿ, ಮುದ್ರೆ. ಹೊರಗೆ ಬಂದ ಮೇಲೆ ಅವಳು ಸೆರಗಿನಿಂದ ನನ್ನ ಬೆರಳು ಒರೆಸುತ್ತ, "ಮೂರು ತಿಂಗ್ಳ ಕೈ ಹಿಡಿದು ಕಲಿಸಿದಿ, ನನಗ ಬರಲಿಲ್ಲ. ಈಗ ನೀನ ನನ್ನ ಸಾಲಿಗಿ ಬಂದಿ ನೋಡು" ಅಂದಳು. ನಗುತ್ತಿದ್ದಳೋ ಅಳುತ್ತಿದ್ದಳೋ ನನಗೆ ತಿಳಿಯಲಿಲ್ಲ.

ನಿನ್ನೆಯಿಂದ ಗೇಜಿಗೆ ಬೇರೆಯವನು ಬಂದಿದ್ದಾನೆ.

ದ್ಯಾವಪ್ಪ


ಮಸ್ಕತ್
26-3-1995

ಬಾಷುಮಿಯಾ ಕಾಕಾ,

ಮೊದಲು ನಿಮಗೊಂದು ಮಾತು. ಇದರಾಗ ಇದ್ದದ್ದನ್ನ ಇದ್ದ ಹಾಂಗ ಓದ್ರಿ. ಒಂದಕ್ಷರ ಬಿಡಬ್ಯಾಡ್ರಿ, ಒಂದಕ್ಷರ ಸೇರಸಬ್ಯಾಡ್ರಿ. ನಾ ಮಾಡಿದ ಕೆಲಸ ನೀವು ಮಾಡಬ್ಯಾಡ್ರಿ.

ಅಪ್ಪಾ,

ಚೆನ್ನಾಗಿದ್ದೇನೆ ಎಂದಷ್ಟೇ ಬರೆದು ಮುಗಿಸಬಹುದಿತ್ತು. ಸುಳ್ಳು ಬರೆದು ಬರೆದು ಸಾಕಾಗಿದೆ, ಖರೆ ಬರೆಯುತ್ತೇನೆ. ದಿನಾ ಎಂಟು ತಾಸು ನಿಂತು ಕಾಲು ಬಾತಿವೆ. ಮೊದಲ ವಾರ ಮೂರು ನಳಿಗೆ ಒಡೆದೆ. ಅವ್ವ ಕಟ್ಟಿಕೊಟ್ಟ ಶೇಂಗಾ ಹಿಂಡಿ ತಿನ್ನುತ್ತ ಎರಡು ಸಲ ಅತ್ತುಬಿಟ್ಟೆ. ಅತ್ತಿ ಎರಡು ಪಾಳಿ ಮುಗಿಸಿ ಬಂದು ಬೂಟು ಬಿಚ್ಚದೆ ಮಲಗಿಬಿಡುತ್ತಾಳೆ, ನಾನೇ ಬಿಚ್ಚುತ್ತೇನೆ. ಅದು ಯಾಕೆ ಎಂದು ನನಗೆ ಗೊತ್ತು, ಅವಳು ಹೇಳುವುದಿಲ್ಲ.

ಇನ್ನೊಂದು ಖರೆ. ನನಗೆ ಈ ಕೆಲಸ ಬಹಳ ಸೇರಿದೆ. ನಳಿಗೆಯ ಮೇಲೆ ಸಣ್ಣ ಗೆರೆಗಳಿರುತ್ತವೆ, ರಕ್ತ ಯಾವ ಗೆರೆಗೆ ನಿಂತಿದೆ ಎಂದು ನೋಡಿ ಬರೆಯಬೇಕು. ಎಲ್ಲರಿಗಿಂತ ಬರಾಬರ್ ನಾನೇ ನೋಡುತ್ತೇನೆ. ಎಲ್ಲಿ ಕಲಿತೆ ಎಂದು ಕೇಳಿದರು. ಕಾಲುವೆಯಲ್ಲಿ ಅಂದೆ, ಅವರಿಗೆ ತಿಳಿಯಲಿಲ್ಲ. ನಿನ್ನ ನೌಕರಿ ಹೋಗಿ ನನಗೆ ಇಷ್ಟು ಖುಷಿ ಆಗಬಾರದಿತ್ತು. ಆಗುತ್ತದೆ, ಏನು ಮಾಡಲಿ? ಕಾಯಂ ಯಾದಿ ಈ ತಿಂಗಳು ಬಂದಿರಬೇಕು. ಯಾರ್ಯಾರ ಹೆಸರು ಬಂತು ಎಂದು ಬರೆಸು. ಮುಚ್ಚಿಡಬೇಡ.

ಒಂದು ಸಂಗತಿ ಅತ್ತಿಗೂ ಹೇಳಿಲ್ಲ. ಮೊದಲ ದಿನ ಹಾಜರಿ ವಹಿ ಕೊಟ್ಟು ಸಹಿ ಮಾಡು ಅಂದರು. ಮಾಡಿದೆ. ಲ್ಯಾಬಿನ ದೊಡ್ಡ ಬಾಯಿಯವರು ನೋಡಿ, ಇದು ನಿನ್ನ ಹೆಸರೇ ಎಂದು ಕೇಳಿದರು. ನೋಡಿದರೆ ನಿನ್ನ ಸಹಿ ಹಾಕಿದ್ದೆ ಅಪ್ಪಾ. ದ್ಯಾವಪ್ಪ ಅಂತ, ಕೊನೆಗೆ ಬಾಲ ಸಮೇತ. ಹೊಡೆದು ಹಾಕಿ ಕೆಳಗೆ ನನ್ನ ಹೆಸರು ಬರೆಯಲು ಹೋದೆ, ಕೈ ಏಳಲಿಲ್ಲ. ನನಗೆ ನನ್ನದೊಂದು ಸಹಿಯೇ ಇರಲಿಲ್ಲ. ದಿನಾ ಡ್ಯೂಟಿಯಿಂದ ಬಂದು ಹಳೆಯ ಚೀಟಿಗಳ ಹಿಂದೆ ಬರೆದು ಬರೆದು ಈಗ ಒಂದು ಮಾಡಿಕೊಂಡಿದ್ದೇನೆ. ನಿನ್ನಷ್ಟು ಚೆಂದ ಇಲ್ಲ.

ನೀರು ಎಷ್ಟಿದೆ? ಹೊಸಬ ಏನು ಬರೆದಾನ ಅಂತ ನನಗ ಬ್ಯಾಡ. ನೀ ಒಡ್ಡಿನ ಮ್ಯಾಲ ಹೋಗಿ ಸಪ್ಪಳ ಕೇಳಿ ಹೇಳು.

ಕಾಕಾ, ಕೆಳಗ ನನ್ನ ಸಹಿ ಅದ. ಪೆನ್ನು ಒತ್ತಿ ಬರೆದೀನಿ, ಹಾಳಿ ಹಿಂದಕ ಉಬ್ಬ್ಯಾದ. ಅಪ್ಪನ ಬೆರಳು ಹಿಡಿದು ಅದರ ಮ್ಯಾಲ ಇಡ್ರಿ.

ಮೋನಮ್ಮ